ಪಿಎಲ್‌ಎ ಮಿಶ್ರಣ ಹರಳುಗಟ್ಟುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಪಿಎಲ್‌ಎ (ಪಾಲಿಲ್ಯಾಕ್ಟಿಕ್ ಆಮ್ಲ) ಎಂಬ ಜೈವಿಕ ಪ್ಲಾಸ್ಟಿಕ್‌ಗೆ ಪಿಬಿಎಟಿ, ಪಿಬಿಎಸ್, ಪಿಸಿಎಲ್ ಅಥವಾ ಪಿಎಚ್‌ಬಿ ಎಂಬ ಬೇರೆ ಕೊಳೆಯುವ ಪ್ಲಾಸ್ಟಿಕ್ ಬೆರೆಸಿ ಅಚ್ಚು ಹಾಕುವವರ ದೂರುಗಳು ಹೆಚ್ಚುಕಡಿಮೆ ಒಂದೇ ತರಹ. ಬಿಸಿ ನೀರು ಬಿದ್ದರೆ ಲೋಟ ಸೊಟ್ಟಗಾಗುತ್ತದೆ. ಮೋಲ್ಡ್‌ನಿಂದ ಹೊರಬರುವಾಗ ಭಾಗ ಇನ್ನೂ ಮೆತ್ತಗಿದ್ದು ಎಜೆಕ್ಟರ್ ಪಿನ್ನಿನ ಗುರುತು ಬೀಳುತ್ತದೆ. ಮೊದಲ ವಾರ ಚೆನ್ನಾಗಿ ಬಾಗುತ್ತಿದ್ದ ಹಾಳೆ ತಿಂಗಳಾಗುವಷ್ಟರಲ್ಲಿ ಪಟ್ಟನೆ ಮುರಿಯುತ್ತದೆ. ಇವುಗಳ ಹಿಂದೆ ಹೆಚ್ಚಾಗಿ ಇರುವುದು ಹರಳುಗಟ್ಟುವಿಕೆಯ, ಅಂದರೆ ಅಣು ಸರಪಳಿಗಳು ಕ್ರಮವಾಗಿ ಜೋಡಿಕೊಂಡು ಗಟ್ಟಿಯಾಗುವುದರ, ದೋಷ. ಇಂಥ ಹೊತ್ತಿನಲ್ಲಿ ಕೈ ತಾನಾಗಿ ಹೋಗುವುದು ಫಾರ್ಮುಲಾ ಕಡೆಗೆ: ಟಾಲ್ಕ್ (ಹರಳಿಗೆ ಬೀಜವಾಗುವ ಖನಿಜ ಪುಡಿ) ಇನ್ನೊಂದು ಶೇಕಡಾ ಹಾಕೋಣ, ಪಿಬಿಎಸ್ ಇನ್ನೈದು ಶೇಕಡಾ ಏರಿಸೋಣ. ಅದು ಕೊನೆಗೆ ಮಾಡಬೇಕಾದ ಕೆಲಸ. ಮೊದಲು ಗೊತ್ತಾಗಬೇಕಾದ್ದು ಎರಡೇ ಸಂಗತಿ. ಮಿಶ್ರಣದಲ್ಲಿ ಹರಳುಗಟ್ಟದೆ ಉಳಿದಿರುವ ಪಾಲಿಮರ್ ಯಾವುದು? ಅದಕ್ಕೆ ಹರಳುಗಟ್ಟುವ ಶಕ್ತಿಯೇ ಇಲ್ಲವೋ, ಶಕ್ತಿ ಇದ್ದೂ ನಾವು ಸರಿಯಾದ ತಾಪದಲ್ಲಿ ಸಾಕಷ್ಟು ಹೊತ್ತು ಕೊಟ್ಟಿಲ್ಲವೋ? ಈ ಎರಡಕ್ಕೂ ಉತ್ತರ ಡಿಎಸ್‌ಸಿಯಲ್ಲಿ (ಮಾದರಿಯನ್ನು ಕಾಯಿಸಿ ತಣಿಸುತ್ತ ಅದು ಹೀರುವ, ಬಿಡುವ ಶಾಖ ಅಳೆಯುವ ಯಂತ್ರ) ಮಾದರಿಗೆ ಒಂದು ಗಂಟೆ ಚಿಲ್ಲರೆ ಹೊತ್ತಿನಲ್ಲಿ ಸಿಗುತ್ತದೆ.

ಕೈಗೆಟುಕುವಂತಿರಬೇಕಾದ ಅಂಕಿಗಳು

ಪಿಎಲ್‌ಎ: ಗ್ಲಾಸ್ ಟ್ರಾನ್ಸಿಷನ್ ತಾಪ (ಗಾಜಿನಂತೆ ಬಿಗಿಯಾದ ವಸ್ತು ಮೆತ್ತಗಾಗುವ ತಾಪ, ಮುಂದೆ ಟಿಜಿ) 55–60 °ಸೆ, ಕರಗುವುದು ಗ್ರೇಡ್ ನೋಡಿಕೊಂಡು 150–180 °ಸೆ, ಪೂರ್ತಿ ಸ್ಫಟಿಕವಾದರೆ ಕರಗಲು ಬೇಕಾದ ಶಾಖ 93 ಜೂಲ್/ಗ್ರಾಂ, ಅತಿ ವೇಗವಾಗಿ ಹರಳುಗಟ್ಟುವುದು 100–115 °ಸೆ ಆಸುಪಾಸಿನಲ್ಲಿ.
ಪಿಬಿಎಸ್: ಟಿಜಿ ಸುಮಾರು −32 °ಸೆ, ಕರಗುವುದು ಸುಮಾರು 114 °ಸೆ.
ಪಿಬಿಎಟಿ: ಟಿಜಿ ಸುಮಾರು −30 °ಸೆ, ಕರಗುವ ಶೃಂಗ (ಡಿಎಸ್‌ಸಿ ರೇಖೆಯ ಉಬ್ಬು) ಅಗಲ, 110–125 °ಸೆ.
ಪಿಸಿಎಲ್: ಟಿಜಿ −60 °ಸೆ, ಕರಗುವುದು 60 °ಸೆ ಸುತ್ತಮುತ್ತ.
ಪಿಎಚ್‌ಬಿ: ಟಿಜಿ 0–5 °ಸೆ, ಕರಗುವುದು 170–180 °ಸೆ, ಪೂರ್ಣ ಸ್ಫಟಿಕಕ್ಕೆ 146 ಜೂಲ್/ಗ್ರಾಂ.

ಈ ಅಂಕಿಗಳನ್ನು ಒಟ್ಟಿಗೆ ನೋಡಿದರೆ ತೊಂದರೆಯ ಬೇರು ಅರ್ಧ ಕಾಣುತ್ತದೆ. ಪಾಲುದಾರ ಪಾಲಿಮರ್‌ಗಳ ಟಿಜಿ ಕೋಣೆಯ ತಾಪಕ್ಕಿಂತ ಕೆಳಗಿದೆ, ಹಾಗಾಗಿ ಅವು ತಣ್ಣಗಾಗುತ್ತ ತಾವಾಗಿಯೇ ಹರಳುಗಟ್ಟಿಕೊಳ್ಳುತ್ತವೆ. ಪಿಎಲ್‌ಎ ಮಾತ್ರ 60 °ಸೆ ಕೆಳಗೆ ಬಂದೊಡನೆ ಗಾಜಾಗಿ ನಿಂತುಬಿಡುತ್ತದೆ. 120ರಿಂದ 90 °ಸೆವರೆಗಿನ ದಾರಿಯನ್ನು ಎಷ್ಟು ಸೆಕೆಂಡಿನಲ್ಲಿ ದಾಟಿತು ಎಂಬುದೇ ಅದರ ಹಣೆಬರಹ.

ಡಿಎಸ್‌ಸಿ ಮಾದರಿ ಎಲ್ಲಿಂದ ತೆಗೆಯಬೇಕು

ಪೆಲೆಟ್‌ನಿಂದಲ್ಲ, ಕೆಟ್ಟುಹೋದ ಭಾಗದಿಂದಲೇ. ಅದರಲ್ಲೂ ಒಂದು ತುಣುಕು ಸಾಲದು. ಬ್ಲೇಡಿನಿಂದ ಹೊರಮೈಯ 0.2 ಮಿ.ಮೀ. ಪದರ ಹೆರೆದು ಒಂದು, ದಪ್ಪ ಗೋಡೆಯ ನಡುವಿನಿಂದ ಒಂದು, ಗೇಟಿನ (ಕರಗಿದ ಪ್ಲಾಸ್ಟಿಕ್ ಮೋಲ್ಡ್‌ಗೆ ನುಗ್ಗುವ ಬಾಯಿ) ಹತ್ತಿರದಿಂದ ಒಂದು, ಹರಿವಿನ ತುದಿಯಿಂದ ಒಂದು. ಹೊರಮೈ ತಣ್ಣನೆಯ ಲೋಹಕ್ಕೆ ತಾಗಿ ಗಾಜಾಗಿ, ಒಳಗು ಚೆನ್ನಾಗಿ ಹರಳುಗಟ್ಟಿರುವ ಭಾಗಗಳು ಬೇಕಾದಷ್ಟು ಸಿಗುತ್ತವೆ. ಅವೆರಡನ್ನೂ ಸೇರಿಸಿ ಅಳೆದರೆ ಸರಾಸರಿ ಸಿಗುತ್ತದೆ, ದೋಷ ಸಿಗುವುದಿಲ್ಲ.

5–8 ಮಿ.ಗ್ರಾಂ ಮಾದರಿ, ನೈಟ್ರೋಜನ್ ಹರಿವು. 0ರಿಂದ 200 °ಸೆವರೆಗೆ ನಿಮಿಷಕ್ಕೆ 10 °ಸೆನಂತೆ ಕಾಯಿಸಿ; 3 ನಿಮಿಷ ನಿಲ್ಲಿಸಿ; ಅದೇ ವೇಗದಲ್ಲಿ ತಣಿಸಿ; ಮತ್ತೆ ಕಾಯಿಸಿ. ಪಿಸಿಎಲ್ ಅಥವಾ ಪಿಬಿಎಸ್ ಇದ್ದರೆ ಆರಂಭವನ್ನು −50 °ಸೆಗೆ ಇಳಿಸಿಕೊಳ್ಳುವುದು ಒಳ್ಳೆಯದು. ಪಿಎಚ್‌ಬಿ ಇದ್ದರೆ 200ಕ್ಕೆ ಹೋಗಬೇಡಿ, 190 °ಸೆಗೆ ನಿಲ್ಲಿಸಿ, ಹಿಡಿದಿಡುವ ಹೊತ್ತನ್ನೂ 1 ನಿಮಿಷಕ್ಕೆ ಇಳಿಸಿ.

ಮೊದಲ ಸಲ ಕಾಯಿಸಿದಾಗ ಬರುವ ರೇಖೆ ಯಂತ್ರದಲ್ಲಿ ಏನಾಯಿತೆಂದು ಹೇಳುತ್ತದೆ. ತಣಿಸುವಾಗಿನ ರೇಖೆ ಮತ್ತು ಎರಡನೇ ಸಲದ ರೇಖೆ ವಸ್ತುವಿನ ಸ್ವಭಾವ ಹೇಳುತ್ತವೆ. ವರದಿಗಳಲ್ಲಿ ಹೆಚ್ಚಾಗಿ ಎರಡನೇ ರೇಖೆಯನ್ನು ಮಾತ್ರ ಕೊಡುತ್ತಾರೆ. ದೋಷ ಹುಡುಕಲು ಅದೊಂದರಿಂದ ಪ್ರಯೋಜನವಿಲ್ಲ, ಮೂರನ್ನೂ ಕೇಳಿ ಪಡೆಯಿರಿ.

ರೇಖೆ ಓದುವುದು

ಮೊದಲ ರೇಖೆಯಲ್ಲಿ 95–125 °ಸೆ ನಡುವೆ ಶಾಖ ಬಿಡುವ ದೊಡ್ಡ ಶೃಂಗ ಇದ್ದರೆ ಅದು ಕೋಲ್ಡ್ ಕ್ರಿಸ್ಟಲೈಸೇಶನ್ (ಗಾಜಾಗಿದ್ದದ್ದು ಕಾಯಿಸುವಾಗ ಹರಳುಗಟ್ಟುವುದು). ಮೋಲ್ಡ್‌ನಲ್ಲಿ ಆಗಬೇಕಿದ್ದ ಕೆಲಸ ಡಿಎಸ್‌ಸಿ ಪ್ಯಾನ್‌ನಲ್ಲಿ ಆಗುತ್ತಿದೆ ಎಂದರ್ಥ. ಈಗ ತಣಿಸಿದ ರೇಖೆ ನೋಡಿ. ಅಲ್ಲಿ 95–120 °ಸೆ ನಡುವೆ ಒಳ್ಳೆಯ ಶೃಂಗ ಇದ್ದರೆ ವಸ್ತುವಿನಲ್ಲಿ ದೋಷವಿಲ್ಲ, ಮೋಲ್ಡ್ ತಾಪ ಇಲ್ಲವೇ ಸೈಕಲ್ ಸಮಯ ತಪ್ಪಿದೆ. ಅಲ್ಲಿ ಏನೂ ಇಲ್ಲದೆ, ಎರಡನೇ ಸಲ ಕಾಯಿಸಿದಾಗ ಮತ್ತೆ ಕೋಲ್ಡ್ ಕ್ರಿಸ್ಟಲೈಸೇಶನ್ ಬಂದರೆ ವಸ್ತುವೇ ನಿಧಾನ: ಗ್ರೇಡ್ ಅಥವಾ ಬೀಜಕ (ನ್ಯೂಕ್ಲಿಯೇಟಿಂಗ್ ಏಜೆಂಟ್) ಕಡೆ ತಿರುಗಿ. ಕಾಯಿಸಿದ ಎರಡೂ ರೇಖೆಗಳಲ್ಲಿ ಪಿಎಲ್‌ಎ ಕರಗುವ ಶೃಂಗವೇ ಕಾಣದಿದ್ದರೆ ಕೈಯಲ್ಲಿರುವುದು ಅಸ್ಫಟಿಕ ಗ್ರೇಡ್. ಡಿ-ಲ್ಯಾಕ್ಟೈಡ್ (ಸರಪಳಿಯ ಕ್ರಮ ಕೆಡಿಸುವ ಕನ್ನಡಿ-ಬಿಂಬ ಘಟಕ) ಪಾಲು ಶೇ. 10 ದಾಟಿದ ಪಿಎಲ್‌ಎಗೆ ಯಾವ ಬೀಜಕ ಹಾಕಿದರೂ ಹರಳುಗಟ್ಟಿಸಲಾಗದು.

ಪಿಬಿಎಸ್ ಮಿಶ್ರಣ ಇಲ್ಲಿ ಕಣ್ಕಟ್ಟು ಮಾಡುತ್ತದೆ, ಸ್ವಲ್ಪ ನಿಂತು ನೋಡಬೇಕು. ಪಿಬಿಎಸ್ ಕರಗುತ್ತ ಶಾಖ ಹೀರುವುದು 114 °ಸೆ ಸುತ್ತ. ಪಿಎಲ್‌ಎ ಹರಳುಗಟ್ಟುತ್ತ ಶಾಖ ಬಿಡುವುದೂ ಹೆಚ್ಚುಕಡಿಮೆ ಅಲ್ಲೇ. ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಎರಡೂ ಒಂದನ್ನೊಂದು ತಿಂದುಹಾಕಿ ರೇಖೆ ಬಹುತೇಕ ಸಪಾಟಾಗಿ ಕಾಣಬಹುದು. ನೋಡಿದವರು ಕೋಲ್ಡ್ ಕ್ರಿಸ್ಟಲೈಸೇಶನ್ ಇಲ್ಲ, ಭಾಗ ಚೆನ್ನಾಗಿ ಹರಳುಗಟ್ಟಿದೆ ಎಂದು ಬರೆದುಬಿಡುತ್ತಾರೆ. ಇನ್ನೊಂದು ಮೋಸವೂ ಇದೆ: ಪಿಬಿಎಸ್ ತಾನು ಕರಗುವ ಮುನ್ನ 95–100 °ಸೆ ಹತ್ತಿರ ಒಳಗಿನ ಹರಳುಗಳನ್ನು ಸರಿಪಡಿಸಿಕೊಳ್ಳುತ್ತ ಶಾಖ ಬಿಡುವ ಸಣ್ಣ ಶೃಂಗ ತೋರುತ್ತದೆ. ಅದನ್ನು ಪಿಎಲ್‌ಎ ಲೆಕ್ಕಕ್ಕೆ ಸೇರಿಸಬಾರದು.

ಬಿಡಿಸಿ ನೋಡಲು ಸುಲಭದ ದಾರಿ ಕಾಯಿಸುವ ವೇಗ ಬದಲಿಸುವುದು. ನಿಮಿಷಕ್ಕೆ 2 °ಸೆಗೆ ಇಳಿಸಿದರೆ ಪಿಎಲ್‌ಎಯ ಕೋಲ್ಡ್ ಕ್ರಿಸ್ಟಲೈಸೇಶನ್ ಹತ್ತಾರು ಡಿಗ್ರಿ ಕೆಳಕ್ಕೆ ಸರಿಯುತ್ತದೆ, ಪಿಬಿಎಸ್ ಕರಗುವ ಶೃಂಗ ಹೆಚ್ಚೇನೂ ಅಲುಗುವುದಿಲ್ಲ. ಇನ್ನೂ ಸಂಶಯವಿದ್ದರೆ ಎಕ್ಸ್‌-ರೇ ವಿವರ್ತನೆ: ತಾಮ್ರದ ಕೆ-ಆಲ್ಫಾ ಕಿರಣದಲ್ಲಿ ಪಿಎಲ್‌ಎಗೆ 16.7°, ಪಿಬಿಎಸ್‌ಗೆ 22.6°, ಪಿಸಿಎಲ್‌ಗೆ 21.4° ನೋಡಿ. ಪಿಎಚ್‌ಬಿ ಇದ್ದಾಗ 16.7° ನಂಬಬೇಡಿ, ಅದರ 16.9° ಅಲ್ಲೇ ಬಂದು ಕೂರುತ್ತದೆ, ಪಿಎಚ್‌ಬಿಗೆ 13.5° ಗುರುತು. ಪಿಸಿಎಲ್ ಮಿಶ್ರಣದಲ್ಲಿ ಮುಚ್ಚಿಹೋಗುವುದು ಪಿಎಲ್‌ಎಯ ಟಿಜಿ, ಏಕೆಂದರೆ ಪಿಸಿಎಲ್ ಕರಗುವುದು ಅದೇ 60 °ಸೆಯಲ್ಲಿ. ಆ ಮಿಶ್ರಣಕ್ಕೆ ಡಿಎಂಎ (ತಾಪ ಏರಿದಂತೆ ಬಿಗಿತ ಬದಲಾಗುವುದನ್ನು ಅಳೆಯುವ ಪರೀಕ್ಷೆ) ಮಾಡಿಸುವುದೇ ವಾಸಿ.

ಪಿಎಲ್‌ಎ ಕರಗುವಲ್ಲಿ ಜೋಡಿ ಶೃಂಗ ಬಂತೆಂದು ಎರಡು ಗ್ರೇಡ್ ಬೆರೆತಿದೆ ಎಂದು ಪೂರೈಕೆದಾರರ ಮೇಲೆ ಹಾರುವ ಮೊದಲು ಕಾಯಿಸುವ ವೇಗ ಏರಿಸಿ ನೋಡಿ. ಕೆಳಗಿನ ಶೃಂಗ ಬೆಳೆದು ಮೇಲಿನದು ಕುಗ್ಗಿದರೆ ಅದು ಕರಗಿ-ಮತ್ತೆ-ಹರಳುಗಟ್ಟುವ ಆಟ. 100 °ಸೆ ಕೆಳಗೆ ಹರಳುಗಟ್ಟಿದ ಪಿಎಲ್‌ಎ ಅಷ್ಟು ಅಚ್ಚುಕಟ್ಟಲ್ಲದ ಆಲ್ಫಾ-ಪ್ರೈಮ್ ರೂಪದಲ್ಲಿರುತ್ತದೆ. ಕಾಯಿಸುವಾಗ ಅದು ಆಲ್ಫಾ ರೂಪಕ್ಕೆ ತಿರುಗುತ್ತ, ಕರಗುವ ಶೃಂಗದ ಮುಂಚೆಯೇ ಸಣ್ಣದಾಗಿ ಶಾಖ ಬಿಡುತ್ತದೆ.

ಸ್ಫಟಿಕಾಂಶದ ಲೆಕ್ಕ

ಶೇ. 68 ಪಿಎಲ್‌ಎ, 30 ಪಿಬಿಎಸ್, 2 ಟಾಲ್ಕ್ ಇರುವ ಭಾಗದ ಮೊದಲ ರೇಖೆಯಲ್ಲಿ ಪಿಎಲ್‌ಎ ಕರಗಿದ ಶಾಖ 34 ಜೂಲ್/ಗ್ರಾಂ, ಕೋಲ್ಡ್ ಕ್ರಿಸ್ಟಲೈಸೇಶನ್ 26 ಜೂಲ್/ಗ್ರಾಂ ಬಂತು ಎಂದುಕೊಳ್ಳಿ. ಕಳೆದರೆ 8. ಅದನ್ನು 93 × 0.68 = 63.2ರಿಂದ ಭಾಗಿಸಿದರೆ ಭಾಗದಲ್ಲಿ ನಿಜಕ್ಕೂ ಇದ್ದ ಸ್ಫಟಿಕಾಂಶ ಶೇ. 12.7. ಕಳೆಯುವುದನ್ನು ಮರೆತರೆ ಇದೇ ಭಾಗ ಶೇ. 54 ತೋರಿಸುತ್ತದೆ. 26 ಜೂಲ್‌ನಷ್ಟು ಹರಳು ಹುಟ್ಟಿದ್ದು ಡಿಎಸ್‌ಸಿಯೊಳಗೆ. ಗ್ರಾಹಕರ ಲೋಟದಲ್ಲಿ ಅದು ಇರಲೇ ಇಲ್ಲ. ತೂಕದ ಪಾಲನ್ನು ಬಿಟ್ಟರೆ ತಪ್ಪು ಇನ್ನೊಂದು ದಿಕ್ಕಿಗೆ ವಾಲುತ್ತದೆ. ಟಾಲ್ಕ್, ಪ್ಲಾಸ್ಟಿಸೈಜರ್ (ಮೆದುಗೊಳಿಸುವ ಸೇರ್ಪಡೆ), ಬಣ್ಣದ ಮಾಸ್ಟರ್‌ಬ್ಯಾಚ್ (ಪ್ಲಾಸ್ಟಿಕ್‌ನಲ್ಲಿ ದಟ್ಟವಾಗಿ ಬೆರೆಸಿಟ್ಟ ಪುಡಿ) ಎಲ್ಲವನ್ನೂ ಕಳೆದ ಮೇಲೆ ಉಳಿಯುವ ಪಿಎಲ್‌ಎ ಪಾಲನ್ನೇ ಹಾಕಬೇಕು.

ವಸ್ತು ಸರಿಯಿದೆ, ಭಾಗ ಗಾಜಾಗಿದೆ

ಮೋಲ್ಡ್ ಕಂಟ್ರೋಲರ್ 105 °ಸೆ ತೋರಿಸುತ್ತಿದೆ ಎಂದರೆ ಎಣ್ಣೆ ಅಥವಾ ಒತ್ತಡದ ನೀರು ಅಷ್ಟು ಬಿಸಿ ಇದೆ ಎಂದಷ್ಟೇ. ಕ್ಯಾವಿಟಿಯ (ಮೋಲ್ಡ್‌ನ ಟೊಳ್ಳು) ಮೈ ಅದಕ್ಕಿಂತ ಗಣನೀಯವಾಗಿ ತಣ್ಣಗಿರಬಹುದು. ಹತ್ತು ಹದಿನೈದು ಶಾಟ್ ಆದ ಮೇಲೆ ಬಾಗಿಲು ತೆರೆದು ಸ್ಪರ್ಶ ಥರ್ಮೋಕಪಲ್‌ನಿಂದ ಕ್ಯಾವಿಟಿ, ಕೋರ್ ಎರಡರ ಮೈಯನ್ನೂ ಅಳೆಯಿರಿ. ಹೊಳೆಯುವ ಉಕ್ಕಿನ ಮೇಲೆ ಇನ್ಫ್ರಾರೆಡ್ ಗನ್ ಸುಳ್ಳು ಹೇಳುತ್ತದೆ.

ಮೈ 100–110 °ಸೆ ಇರಬೇಕು. 60–80 °ಸೆ ಎಂಬ ನಡುವಿನ ದಾರಿ ಎರಡೂ ಕಡೆ ಕೆಡಿಸುತ್ತದೆ: ಭಾಗ ಟಿಜಿಗಿಂತ ಮೇಲಿರುವುದರಿಂದ ಗಟ್ಟಿಯಾಗುವುದಿಲ್ಲ, ಹರಳುಗಟ್ಟಲು ಬೇಕಾದ ವೇಗವೂ ಬರುವುದಿಲ್ಲ. ಎಜೆಕ್ಟರ್ ಪಿನ್ ಭಾಗದೊಳಗೆ ಹೂತುಹೋಗುವುದು ಹೆಚ್ಚಾಗಿ ಈ ತಾಪದಲ್ಲಿ. ಬಿಸಿ ಮೋಲ್ಡ್ ಸಾಧ್ಯವಿಲ್ಲದಿದ್ದರೆ 25–30 °ಸೆ ಮೋಲ್ಡ್‌ನಲ್ಲಿ ಗಾಜಾಗಿ ತೆಗೆದು, ಆಮೇಲೆ ಫಿಕ್ಸ್ಚರ್‌ನಲ್ಲಿಟ್ಟು (ಆಕಾರ ಹಿಡಿದಿಡುವ ಚೌಕಟ್ಟು) 90–100 °ಸೆ ಓವನ್‌ನಲ್ಲಿ ಹರಳುಗಟ್ಟಿಸಿ. ಫಿಕ್ಸ್ಚರ್ ಇಲ್ಲದೆ ಓವನ್‌ಗೆ ಹಾಕಿದರೆ ಭಾಗ 60 °ಸೆ ದಾಟುತ್ತಲೇ ಒಳಗಿನ ಬಿಗಿತ ಬಿಟ್ಟುಕೊಂಡು ತಿರುಚಿಕೊಳ್ಳುತ್ತದೆ, ಅನಂತರ ಆ ಸೊಟ್ಟ ಆಕಾರದಲ್ಲೇ ಹರಳುಗಟ್ಟಿ ಗಟ್ಟಿಯಾಗುತ್ತದೆ.

ಸೈಕಲ್ ಸಮಯವನ್ನು ಊಹಿಸಬೇಡಿ. ಡಿಎಸ್‌ಸಿಯಲ್ಲಿ 200 °ಸೆಯಲ್ಲಿ 3 ನಿಮಿಷ ಕರಗಿಸಿ, ಯಂತ್ರ ತಾಳುವಷ್ಟು ವೇಗದಲ್ಲಿ, ನಿಮಿಷಕ್ಕೆ ಕನಿಷ್ಠ 50 °ಸೆ, ಇಳಿಸಿ 90, 100, 110, 120 °ಸೆಗಳಲ್ಲಿ ಒಂದೊಂದು ಸಲ ಹಿಡಿದಿಡಿ. ಅರ್ಧದಷ್ಟು ಹರಳುಗಟ್ಟಲು ಎಲ್ಲಿ ಅತಿ ಕಡಿಮೆ ಹೊತ್ತು ಬೇಕೋ ಅದೇ ಮೋಲ್ಡ್ ಮೈಯ ಗುರಿ. ಆ ಹೊತ್ತು ಒಂದು ನಿಮಿಷದೊಳಗಿದ್ದರೆ ಇಂಜೆಕ್ಷನ್ ಮೋಲ್ಡಿಂಗ್ ನಡೆಯುತ್ತದೆ. ಐದು ನಿಮಿಷವಾದರೆ ಮೋಲ್ಡ್ ಸೆಟ್ಟಿಂಗ್ ತಿರುವಿ ಉಪಯೋಗವಿಲ್ಲ.

ಲ್ಯಾಬ್‌ನಲ್ಲಿ ವೇಗ, ಯಂತ್ರದಲ್ಲಿ ನಿಧಾನ ಎಂದಾದರೆ ಕರಗಿಸಿದ ತಾಪ ಹೋಲಿಸಿ. 178 °ಸೆಗೆ ಕರಗುವ ಗ್ರೇಡನ್ನು ಲ್ಯಾಬ್‌ನಲ್ಲಿ 182 °ಸೆಗೆ ಮಾತ್ರ ಕಾಯಿಸಿದರೆ ಹಳೆಯ ಹರಳಿನ ಚೂರುಗಳು ಉಳಿದು ಅವೇ ಬೀಜವಾಗುತ್ತವೆ. 205 °ಸೆ ಬ್ಯಾರೆಲ್‌ನಲ್ಲಿ ಆ ಭಾಗ್ಯವಿಲ್ಲ.

ವಸ್ತುವೇ ನಿಧಾನ

ಗ್ರೇಡ್‌ನಿಂದ ಶುರುಮಾಡಿ. ಡಿ-ಲ್ಯಾಕ್ಟೈಡ್ ಒಂದು ಶೇಕಡಾ ಏರಿದರೆ ಕರಗುವ ತಾಪ ಸುಮಾರು 5 °ಸೆ ಇಳಿಯುತ್ತದೆ. ಹಾಗಾಗಿ ಡೇಟಾಶೀಟ್ ಕೈಯಲ್ಲಿಲ್ಲದಿದ್ದರೂ ಶೃಂಗವೇ ಗುಟ್ಟು ಹೇಳುತ್ತದೆ: 175 °ಸೆ ಮೇಲೆ ಕರಗಿದರೆ ಡಿ ಪಾಲು ಶೇ. 1ಕ್ಕಿಂತ ಕಡಿಮೆ, ಹರಳುಗಟ್ಟಿಸಲು ಯೋಗ್ಯ; 150–155 °ಸೆ ಅಂದರೆ ಶೇ. 4ರ ಆಸುಪಾಸು, ಬೀಜಕವಿಲ್ಲದೆ ಅರ್ಧ ಹರಳುಗಟ್ಟಲು ಹತ್ತಾರು ನಿಮಿಷ. ಪಾರದರ್ಶಕ ಫಿಲ್ಮ್‌ಗೆಂದು ತಂದ ಗ್ರೇಡನ್ನು ಬಿಸಿ ಪಾನೀಯದ ಲೋಟಕ್ಕೆ ಹಾಕಿ ಟಾಲ್ಕ್ ಸುರಿಯುತ್ತ ಕೂರುವುದು ವ್ಯರ್ಥ.

ಪಿಬಿಎಟಿ, ಪಿಬಿಎಸ್ ಸೇರಿಸಿದರೆ ಪಿಎಲ್‌ಎ ತಾನಾಗಿ ಬೇಗ ಹರಳುಗಟ್ಟುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಇವು ಪಿಎಲ್‌ಎಯಲ್ಲಿ ಕರಗಿ ಒಂದಾಗುವುದಿಲ್ಲ, ಹನಿಗಳಾಗಿ ಬೇರೆ ಉಳಿಯುತ್ತವೆ. ಪಿಎಲ್‌ಎಯ ಟಿಜಿ ಇದ್ದಲ್ಲೇ ಇರುವುದು ಅದಕ್ಕೆ ಸಾಕ್ಷಿ. ಹನಿಯ ಗಡಿಯಲ್ಲಿ ಒಂದಿಷ್ಟು ಬೀಜ ಹುಟ್ಟಿ ಕೋಲ್ಡ್ ಕ್ರಿಸ್ಟಲೈಸೇಶನ್ ಕೆಲವು ಡಿಗ್ರಿ ಕೆಳಕ್ಕೆ ಬರುತ್ತದೆ, ನಿಜ. ಆದರೆ ಕಾಯಿಸುವಾಗ ಕಾಣುವ ಈ ಲಾಭ ಮೋಲ್ಡ್‌ನಲ್ಲಿ ತಣಿಯುವಾಗ ಕೈಗೆ ಬರುವುದು ಅಪರೂಪ. ಬೀಜಕ ಬೇರೆಯಾಗಿಯೇ ಹಾಕಬೇಕು: ನುಣುಪು ಟಾಲ್ಕ್ ಶೇ. 1–3, ಅಥವಾ ಒರೊಟಿಕ್ ಆಮ್ಲ ಶೇ. 0.3–1, ಅಥವಾ ಪಿಡಿಎಲ್‌ಎ (ಡಿ ಘಟಕಗಳಿಂದಲೇ ಕಟ್ಟಿದ ಪಿಎಲ್‌ಎ) ಶೇ. 1–5. ಪಿಡಿಎಲ್‌ಎ ಕಟ್ಟುವ ಸ್ಟೀರಿಯೊಕಾಂಪ್ಲೆಕ್ಸ್ ಹರಳು 220–230 °ಸೆವರೆಗೆ ಕರಗದೆ ನಿಂತು ಬೀಜದ ಕೆಲಸ ಮಾಡುತ್ತದೆ. ಬ್ಯಾರೆಲ್‌ನಲ್ಲಿ ಎಲ್ಲೋ ಒಂದು ಕಡೆ 240 °ಸೆ ಮುಟ್ಟಿದರೆ ಆ ಬೀಜವೇ ಕರಗಿಹೋಗುತ್ತದೆ. ವೇಗ ಹೆಚ್ಚಿಸಿದ ದಿನ ಮಾತ್ರ ಭಾಗ ಮೆತ್ತಗಾಗುತ್ತಿದ್ದರೆ ಇದನ್ನು ಶಂಕಿಸಿ.

ಟಾಲ್ಕ್ ಹಾಕಿದ್ದೇವೆ, ಫಲವಿಲ್ಲ ಎಂದಾದರೆ ಟಾಲ್ಕ್ ಹೋಗಿ ಸೇರಿದ್ದು ಎಲ್ಲಿ ಎಂದು ಕೇಳಬೇಕು. ಎಲ್ಲವನ್ನೂ ಒಂದೇ ಹಾಪರ್‌ಗೆ ಸುರಿದರೆ ಎಕ್ಸ್‌ಟ್ರೂಡರ್‌ನಲ್ಲಿ ಮೊದಲು ಕರಗುವುದು ಪಿಬಿಎಟಿ ಅಥವಾ ಪಿಬಿಎಸ್. ಪುಡಿಯನ್ನು ಮೊದಲು ಮೈಗಂಟಿಸಿಕೊಳ್ಳುವುದೂ ಅದೇ. ಪಿಎಲ್‌ಎ ಕರಗುವ ಹೊತ್ತಿಗೆ ಟಾಲ್ಕ್ ಇನ್ನೊಬ್ಬರ ಮನೆ ಸೇರಿರುತ್ತದೆ. ಟಾಲ್ಕನ್ನು ಮೊದಲು ಪಿಎಲ್‌ಎಯಲ್ಲೇ ಮಾಸ್ಟರ್‌ಬ್ಯಾಚ್ ಮಾಡಿ, ಪಾಲುದಾರ ಪಾಲಿಮರನ್ನು ಸೈಡ್ ಫೀಡರ್‌ನಲ್ಲಿ ಕೊಡಿ. ದ್ರವ ಸಾರಜನಕದಲ್ಲಿ ತಣಿಸಿ ಮುರಿದ ಮೈಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟಾಲ್ಕ್ ತಟ್ಟೆಗಳು ಯಾವ ಪಾಲಿಮರ್‌ನಲ್ಲಿವೆ ಎಂಬುದು ಎದ್ದು ಕಾಣುತ್ತದೆ.

ಎಪಾಕ್ಸಿ ಬಗೆಯ ಚೈನ್ ಎಕ್ಸ್‌ಟೆಂಡರ್ (ಅಣು ಸರಪಳಿಗಳನ್ನು ಜೋಡಿಸಿ ಉದ್ದವಾಗಿಸುವ ಸೇರ್ಪಡೆ) ಇದ್ದರೆ ಅದನ್ನೂ ತಡಕಿ. ಶೇ. 0.3–0.8 ಹಾಕಿದಾಗ ಕರಗಿನ ಬಲ ಏರುತ್ತದೆ, ಎರಡು ಪಾಲಿಮರ್‌ಗಳ ನಡುವಿನ ಅಂಟೂ ಸುಧಾರಿಸುತ್ತದೆ. ಜೊತೆಗೆ ಸರಪಳಿಗಳು ಕವಲೊಡೆದು ಅವುಗಳ ಓಡಾಟ ತಗ್ಗುತ್ತದೆ. ಎಕ್ಸ್‌ಟೆಂಡರ್ ಇರುವ, ಇಲ್ಲದ ಎರಡು ಬ್ಯಾಚ್ ಮಾಡಿ 110 °ಸೆ ಹಿಡಿತದ ಹೊತ್ತು ಹೋಲಿಸಿದರೆ ಉತ್ತರ ಸಿಗುತ್ತದೆ.

ಸರಪಳಿಗೆ ಓಡಾಟ ಕೊಡಲು ಸಿಟ್ರೇಟ್ ಅಥವಾ ಪಿಇಜಿಯಂಥ ಪ್ಲಾಸ್ಟಿಸೈಜರ್ ಶೇ. 5–10 ಸೇರಿಸಬಹುದು. ಟಿಜಿ ಇಳಿಯುತ್ತದೆ, ಹರಳುಗಟ್ಟುವ ತಾಪದ ಹರವೂ ಕೆಳಕ್ಕೆ ಅಗಲವಾಗುತ್ತದೆ. ಅಪಾಯ ಆಮೇಲೆ ಬರುತ್ತದೆ: ಪಿಎಲ್‌ಎ ಹರಳುಗಟ್ಟುತ್ತ ಹೋದಂತೆ ಪ್ಲಾಸ್ಟಿಸೈಜರ್‌ಗೆ ಉಳಿಯುವ ಜಾಗ ಕಿರಿದಾಗಿ, ಅದು ಹೊರಕ್ಕೆ ಬೆವರುತ್ತದೆ. ಭಾಗದ ಮೈ ಜಿಡ್ಡಾದರೆ ಪ್ರಮಾಣ ಇಳಿಸಿ.

ಹರಳುಗಟ್ಟಿದೆ, ಆದರೂ ಸೊಟ್ಟಗಾಗುತ್ತದೆ

ಕಳೆದು ಲೆಕ್ಕ ಹಾಕಿದ ಮೇಲೂ ಪಿಎಲ್‌ಎ ಸ್ಫಟಿಕಾಂಶ ಶೇ. 35–40 ಇದ್ದು ಬಿಸಿಗೆ ಮಣಿಯುತ್ತಿದ್ದರೆ ಸಮಸ್ಯೆ ಹರಳಿನದಲ್ಲ. ಮೆತ್ತನೆಯ ಪಾಲಿಮರ್ ಹನಿಯಾಗಿ ಉಳಿಯದೆ ಹಬ್ಬಿ ಜಾಲವಾಗಿದೆ. ಪಾಲು ಶೇ. 20ಕ್ಕೆ ಇಳಿಸಿ ನೋಡಿ.

ಹನಿ ತೀರಾ ಸಣ್ಣದಾದರೆ ಬೇರೆ ತೊಂದರೆ. ಪಿಸಿಎಲ್ ಹನಿ ಮೈಕ್ರಾನ್‌ಗಿಂತ ಕಿರಿದಾದಾಗ ಬಹಳಷ್ಟು ಹನಿಗಳಲ್ಲಿ ಬೀಜವಾಗುವಂಥ ಒಂದು ಕಸವೂ ಇರುವುದಿಲ್ಲ. ಅವು ಎಂದಿನ ತಾಪದಲ್ಲಿ ಹರಳುಗಟ್ಟದೆ ಇನ್ನೂ ಕೆಳಗಿನ ತಾಪದವರೆಗೆ ದ್ರವವಾಗಿಯೇ ಇರುತ್ತವೆ. ತಣಿಸಿದ ರೇಖೆಯಲ್ಲಿ ಪಿಸಿಎಲ್ ಶೃಂಗ ಒಡೆದು ಎರಡಾಗಿದ್ದರೆ ಅಥವಾ ಕೆಳಗೆ ಸರಿದಿದ್ದರೆ ಇದೇ ಕಾರಣ. ಕಂಪ್ಯಾಟಿಬಿಲೈಸರ್ (ಎರಡು ಪಾಲಿಮರ್ ಬೆಸೆಯುವ ಸೇರ್ಪಡೆ) ಹೆಚ್ಚಿಸಿದಷ್ಟೂ ಇದು ಹೆಚ್ಚುತ್ತದೆ. ಕಣ್ಣಿಗೆ ಕಾಣುವ ಗುರುತು: ಹಾಳೆ ಲೈನಿನಿಂದ ಬಂದಾಗ ಅಂಟಂಟು, ಕೆಲವು ದಿನಗಳಲ್ಲಿ ತಾನಾಗಿ ಬಿಗಿ.

ದಿನ ಕಳೆದಂತೆ ಮುರಿಯುವುದು

ಆರೋಪಿಗಳು ಮೂರು, ಮದ್ದು ಬೇರೆ ಬೇರೆ. ಮೊದಲ ರೇಖೆಯಲ್ಲಿ ಟಿಜಿಯ ಮೇಲೆ, 60–65 °ಸೆಯಲ್ಲಿ, ಶಾಖ ಹೀರುವ ಚೂಪು ಶೃಂಗ ಎದ್ದಿದ್ದು ಸ್ಫಟಿಕಾಂಶ ಬದಲಾಗಿಲ್ಲದಿದ್ದರೆ ಅದು ಪಿಎಲ್‌ಎ ಗಾಜಿನ ಮುಪ್ಪು. 70 °ಸೆಯಲ್ಲಿ ಕೆಲವು ನಿಮಿಷ ಕಾಯಿಸಿ ತಣಿಸಿದರೆ ಮೃದುತ್ವ ಮರಳುತ್ತದೆ, ಮತ್ತೆ ಹೋಗುತ್ತದೆ.

190 °ಸೆ, 2.16 ಕಿ.ಗ್ರಾಂ ಭಾರದಲ್ಲಿ ಮೆಲ್ಟ್ ಫ್ಲೋ (ಕರಗಿದ ವಸ್ತು ಹರಿಯುವ ದರ) ಏರಿದ್ದರೆ ತೇವದಿಂದ ಸರಪಳಿ ತುಂಡಾಗಿದೆ. ಇದನ್ನು ತಪ್ಪದೆ ನೋಡಿ, ಏಕೆಂದರೆ ತುಂಡಾದ ಸರಪಳಿ ಬೇಗ ಹರಳುಗಟ್ಟುತ್ತದೆ: ಡಿಎಸ್‌ಸಿ ರೇಖೆ ಹಿಂದಿನ ಬ್ಯಾಚ್‌ಗಿಂತ ಚೆಂದವಾಗಿರುತ್ತದೆ, ಭಾಗ ಮಾತ್ರ ಕೈಯಲ್ಲೇ ಮುರಿಯುತ್ತದೆ. ಪಿಎಲ್‌ಎಯ ತೇವ 250 ಪಿಪಿಎಂ ಒಳಗಿರಲೇಬೇಕು. ಹರಳುಗಟ್ಟಿದ ಪೆಲೆಟ್‌ಗೆ −40 °ಸೆ ಡ್ಯೂ ಪಾಯಿಂಟ್‌ನ ಒಣ ಗಾಳಿಯಲ್ಲಿ 80–90 °ಸೆ, 4 ಗಂಟೆ. ಅಸ್ಫಟಿಕ ಪೆಲೆಟನ್ನು ಅಷ್ಟು ಬಿಸಿಗೆ ಹಾಕಿದರೆ ಡ್ರೈಯರ್‌ನಲ್ಲಿ ಒಂದೇ ಗಡ್ಡೆ. ಅದಕ್ಕೆ 45 °ಸೆ, ಹೊತ್ತು ಹೆಚ್ಚು. ಟಾಲ್ಕ್ ಮಾಸ್ಟರ್‌ಬ್ಯಾಚನ್ನೂ ಒಣಗಿಸಿ.

ಮೂರನೆಯದು ಪಿಎಚ್‌ಬಿ. ಅದರ ಟಿಜಿ ಕೋಣೆಯ ತಾಪಕ್ಕಿಂತ ಕೆಳಗಿರುವುದರಿಂದ ಕಪಾಟಿನಲ್ಲಿಟ್ಟಾಗಲೂ ಹರಳುಗಟ್ಟುವುದು ನಿಲ್ಲುವುದಿಲ್ಲ. ಮೊದಲ ಹರಳುಗಳ ನಡುವೆ ಸಣ್ಣ ಹರಳುಗಳು ವಾರಗಟ್ಟಲೆ ತುಂಬಿಕೊಳ್ಳುತ್ತ ಉಳಿದ ಮೃದು ಭಾಗವನ್ನು ಬಿಗಿಹಿಡಿಯುತ್ತವೆ. ಡಿಎಸ್‌ಸಿಯಲ್ಲಿ, ಇಟ್ಟಿದ್ದ ತಾಪಕ್ಕಿಂತ ಸುಮಾರು 20–30 °ಸೆ ಮೇಲೆ ಸಣ್ಣ ಉಬ್ಬೊಂದು ಇದರ ಗುರುತು. ಬೋರಾನ್ ನೈಟ್ರೈಡ್ ಬೀಜಕ ಹಾಕಿ ಮೊದಲೇ ಸಣ್ಣ ಸಣ್ಣ ಸ್ಫೆರುಲೈಟ್‌ಗಳಾಗಿ (ಗೋಲಾಕಾರದ ಹರಳು ಗೊಂಚಲು) ಹರಳುಗಟ್ಟಿಸಿದರೆ ಬಿರುಕು ತಡವಾಗುತ್ತದೆ. ಹಳೆಯ ಭಾಗವನ್ನು 110–130 °ಸೆಯಲ್ಲಿ ಅನೀಲ್ ಮಾಡಿದರೆ (ಕಾಯಿಸಿ ಹಿಡಿದಿಟ್ಟರೆ) ಮುರಿಯದೆ ತಾಳುವ ಗುಣ ಒಂದಿಷ್ಟು ಮರಳಿ ಬರುತ್ತದೆ, ಆದರೆ ಪಿಎಲ್‌ಎ ಜೊತೆಗಿದ್ದರೆ ಆ ಬಿಸಿಯಲ್ಲಿ ಅದೂ ಹರಳುಗಟ್ಟಿ ಅಳತೆ ಬದಲಾಗುತ್ತದೆ.

ಪಿಎಚ್‌ಬಿ ಇರುವ ಮಿಶ್ರಣದ ಸ್ಟ್ರ್ಯಾಂಡ್ ಪೆಲೆಟೈಜರ್‌ನಲ್ಲಿ ಅಂಟಿಕೊಂಡು ಕತ್ತರಿಸಲು ಬಾರದಿದ್ದರೆ ನೀರಿನ ತೊಟ್ಟಿಯನ್ನು ಇನ್ನಷ್ಟು ತಣ್ಣಗೆ ಮಾಡಬೇಡಿ. ತಣ್ಣೀರಿನಲ್ಲಿ ಅದು ಹರಳುಗಟ್ಟದೆ ರಬ್ಬರಿನಂತೆಯೇ ಉಳಿಯುತ್ತದೆ. ತೊಟ್ಟಿಯನ್ನು 55–60 °ಸೆಗೆ ಏರಿಸಿ, ಸ್ಟ್ರ್ಯಾಂಡ್ ನೀರಿನಲ್ಲಿರುವ ಉದ್ದ ಹೆಚ್ಚಿಸಿ. ಬ್ಯಾರೆಲ್ ತಾಪ 180 °ಸೆ ದಾಟದಂತೆ ನೋಡಿಕೊಳ್ಳಿ, ಲೈನ್ ನಿಲ್ಲಿಸುವಾಗ ಪಿಎಚ್‌ಬಿ ಒಳಗೆ ಬಿಡದೆ ಪಿಎಲ್‌ಎಯಿಂದ ಪರ್ಜ್ ಮಾಡಿ (ತಳ್ಳಿ ಹೊರಹಾಕಿ).